ಮಾಸ್ತರರ ಮಾತಿಗೆ ಅಂಕ ಹಚ್ಚಿದ್ದು

ಇವತ್ತು ಮುಂಜಾನೆ ಗ್ಯಾಸ್ ಸಿಲಿಂಡರ್ ಇಳಿಸಿಹೋದ ಮೇಲೆ ಮೊಬೈಲು ಕೇಳಿತು: ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ? ನಿಮಗೆ ಇದು ಕ್ಷುಲ್ಲಕ ಪ್ರಶ್ನೆ. ನಾನು ಮಾತ್ರ ಕನ್ನಡಕ ಒರೆಸಿಕೊಂಡು ಕೂತುಬಿಟ್ಟೆ. ಮಾತನ್ನು ಅಂಕಿಗೆ ಇಳಿಸುವ ವಿದ್ಯೆಯಲ್ಲೇ ನಾನು ಡಾಕ್ಟರೇಟ್ ಪಡೆದವನು. ಫಜಿ ಗಣಗಳ ಸಿದ್ಧಾಂತವೆಂದು ಅದರ ಹೆಸರು. ಎತ್ತರ, ಛಲೋ ಎಂಬಂಥ ಮಾತುಗಳಿಗೆ ಗಟ್ಟಿ ಗಡಿ ಇರುವುದಿಲ್ಲ. ಸೊನ್ನೆಗೂ ಒಂದಕ್ಕೂ ನಡುವೆ ಒಂದೊಂದು ಮಾತಿಗೂ ಜಾಗ ಕೊಟ್ಟು, ಹಲವು ಗುಣಗಳನ್ನು ತೂಗಿ, ಯಾರು ಮೇಲೆಂದು ತೀರ್ಮಾನಿಸಬಹುದು. ನಮ್ಮ ಮನೆಯಲ್ಲಿ ಸಂಜೆಗೆ ಯಾವ ಪಲ್ಲೆ ಎಂಬುದು ಈ ವಿದ್ಯೆಯಿಂದ ಇದುವರೆಗೂ ತೀರ್ಮಾನವಾಗಿಲ್ಲ, ಆ ಮಾತು ಬೇರೆ.

ಧಾರವಾಡದಲ್ಲಿ ಕಾಲೇಜು ನೌಕರಿಗೆ ಸೇರಿದ ಹೊಸತು. ನಮ್ಮ ಓಣಿಯ ಗಾಯನದ ಮಾಸ್ತರರು ಒಬ್ಬ ವಿದ್ಯಾರ್ಥಿಯನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸುವವರಿದ್ದರು. ಬಂದವರು ಮೂವರು. ಪಕ್ಷಪಾತದ ಮಾತು ಬರಬಾರದೆಂದು, ಯಾರೂ ಕರೆಯದಿದ್ದರೂ, ನಾನು ಹಾಳೆ ಹಿಡಿದು ಹಾಜರಾದೆ. ಶ್ರುತಿ, ಲಯ, ದಮ್ಮು, ಭಾವ ಎಂದು ನಾಲ್ಕು ಕಾಲಂ. ಮಾಸ್ತರರು ಮಾತು ಹೇಳಬೇಕು, ನಾನು ಅಂಕ ಹಚ್ಚಬೇಕು. ಛಲೋ ಎಂದರೆ ಮುಕ್ಕಾಲು. ಅಡ್ಡಿಯಿಲ್ಲ ಎಂದರೆ ಅರ್ಧ.

ಮೊದಲ ಇಬ್ಬರಿಗೆ ಛಲೋ, ಭಾಳ ಛಲೋಗಳು ಧಾರಾಳವಾಗಿ ಬಿದ್ದವು. ಮೂರನೆಯವಳು ಶಿರಗುಪ್ಪಿಯ ಶಾಂತವ್ವ. ಇಲ್ಲಿ ಆಗದಿದ್ದರೆ ಹಾಡು ಸಾಕೆಂದು ಮನೆಯವರು ಹೇಳಿಯೇ ಕಳಿಸಿದ್ದರಂತೆ. ಅವಳ ಹಾಡು ಮುಗಿದ ಮೇಲೂ ಮಾಸ್ತರರು ಕಣ್ಣು ತೆರೆಯಲಿಲ್ಲ. ನಾನು ಕೇಳಿದ ನಾಲ್ಕಕ್ಕೂ ಅಡ್ಡಿಯಿಲ್ಲ ಎಂದರು. ನ್ಯಾಯಾಧೀಶನ ಗತ್ತಿನಲ್ಲಿ ಫಲಿತಾಂಶ ಓದಿದೆ: ಶಾಂತವ್ವ ಕಡೆಯವಳು. ಹುಡುಗಿ ಚೀಲ ಎತ್ತಿಕೊಂಡು ಚಪ್ಪಲಿ ಹುಡುಕತೊಡಗಿದಳು.

"ಏ ತಂಗಿ, ಎಲ್ಲಿ ಹೊಂಟಿ?" ಎಂದ ಮಾಸ್ತರರು ನನ್ನ ಹಾಳೆ ಇಸಿದುಕೊಂಡರು. "ಇದೇನ್ರಿ ಸರ, ಅರ್ಧಾ?"

"ನೀವ ಅಡ್ಡಿಯಿಲ್ಲ ಅಂದ್ರೆಲ್ರಿ."

"ಹೌದ್ರಿ, ಅಂದೇನಿ. ಸ್ವರಕ್ಕೂ ನನಗೂ ನಡುವ ಏನೂ ಅಡ್ಡ ಬರಲಿಲ್ಲ. ಅದಕ್ಕಿಂತ ದೊಡ್ಡ ಮಾತು ನನ್ನ ಕಡೆ ಇಲ್ರಿ."

ಧಾರವಾಡದಲ್ಲೇ ಹುಟ್ಟಿ ಬೆಳೆದ ನಾನು ಆ ಮಾತನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲ. ಅರ್ಧಗಳನ್ನೆಲ್ಲ ಹೊಡೆದುಹಾಕಿ ಪೂರ್ತಿ ಒಂದೊಂದು ಬರೆದೆ. ಶಾಂತವ್ವ ಚೀಲ ಕೆಳಗಿಟ್ಟಳು.

ಈಗ ಆ ಮನೆಯಲ್ಲಿ ಕಲಿಸುವವರು ಶಾಂತವ್ವನವರೇ. ನಿವೃತ್ತಿಯ ನಂತರ ನಾನೂ ಹೋಗುತ್ತೇನೆ. ಪ್ರಾಥಮಿಕ ಸಾಲೆಯ ಮಕ್ಕಳ ಹಿಂದೆ, ಗೋಡೆಗೆ ಆತು ಕೂರುತ್ತೇನೆ. ಇವತ್ತು ಸಂಜೆ ನನ್ನ ಷಡ್ಜ ಕೇಳಿ ಶಾಂತವ್ವ ತಂಬೂರಿಯ ತಂತಿಯನ್ನು ಮತ್ತೊಮ್ಮೆ ಮೀಟಿದರು.

"ಅಡ್ಡಿ ಭಾಳ ಅದಾವ್ರಿ, ಸರ," ಎಂದರು. "ಇರ್ಲಿ. ಒಂದೊಂದ ತಗೀತ ಹೋಗೂಣು."

ತಂಬೂರಿಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು.