ಪೂಜೆಯಾದ ಪೀಸು

ಅಪ್ಪನ ಕಿವಿ ಒಂದೇ ದಿನಕ್ಕೆ ಹೋದದ್ದಲ್ಲ. ಭದ್ರಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ ಅವರದು. ಹರೆಯದಿಂದಲೂ ಅದರ ಪಕ್ಕದಲ್ಲೇ ನಿಂತವರು. ಓದು ಮುಗಿಸಿ ನಾನು ಊರಿನಲ್ಲೇ ಒಂದು ಶಾಲೆಯಲ್ಲಿ ಟೀಚರಾಗುವ ಹೊತ್ತಿಗೆ, ಅವರಿಗೆ ಏನು ಹೇಳಬೇಕಾದರೂ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಾಗಿತ್ತು. ಯಾವುದೋ ಶಿಬಿರದಲ್ಲಿ ಕೊಟ್ಟ ಕಿವಿಯ ಮೆಷಿನ್ ಕುಯ್ಯೆಂದು ಅರಚುತ್ತದೆ ಅಂತ ಅದನ್ನು ಗೂಡಿನಲ್ಲಿ ಎತ್ತಿಟ್ಟರು. ಹಗಲೆಲ್ಲ ಒಂದು ಗಿರಣಿ ಸಾಲದೆ, ಮನೆಗೆ ಬಂದರೆ ಕಿವಿಯೊಳಗೇ ಇನ್ನೊಂದೇ ಎಂದು ನಕ್ಕರು. ಜನರ ಮುಖ ನೋಡಿ ಮಾತು ಊಹಿಸುವುದನ್ನು ರೂಢಿಸಿಕೊಂಡರು. ಅದರಲ್ಲಿ ಎಷ್ಟು ಪಳಗಿದ್ದರೆಂದರೆ, ಅವರಿಗೆ ಕಿವಿ ಕೇಳುವುದಿಲ್ಲವೆಂದು ಹೊಸಬರಿಗೆ ಬೇಗ ಗೊತ್ತೇ ಆಗುತ್ತಿರಲಿಲ್ಲ.

ಕಷ್ಟವಾಗುತ್ತಿದ್ದದ್ದು ಟಿವಿಯ ಮುಂದೆ. ನಮ್ಮದು ವಠಾರದ ಮನೆ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಪ್ಪನಿಗೆ ಕೇಳುವಷ್ಟು ಸದ್ದು ಇಟ್ಟರೆ ಗೋಡೆಯಾಚೆಯ ಹುಡುಗಿಯ ಎಸ್ಸೆಸ್ಸೆಲ್ಸಿ ಓದು ಕೆಡುತ್ತಿತ್ತು. ಅವಳ ತಾಯಿ ಬಂದು ಬಹಳ ಸಂಕೋಚದಿಂದ ಹೇಳಿ ಹೋದರು. ಅವತ್ತೇ ಅಪ್ಪ ಸದ್ದು ಕಡಿಮೆ ಮಾಡಿಸಿದರು. ಸಂಜೆಯ ಧಾರಾವಾಹಿಗೆ ನಮ್ಮ ಜೊತೆ ಕೂತು, ನಾವು ನಕ್ಕಾಗ ತಾವೂ ನಕ್ಕು, ಆಮೇಲೆ "ಏನಂದ?" ಅಂತ ಕೇಳುತ್ತಿದ್ದರು. ಮೊದಮೊದಲು ಕೂಗಿ ಹೇಳುತ್ತಿದ್ದೆವು. ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ನಮಗೂ ತಪ್ಪಿಹೋಗುತ್ತಿತ್ತು. ಬರಬರುತ್ತಾ ಅಮ್ಮನೂ ನಾನೂ "ಏನಿಲ್ಲ" ಅನ್ನತೊಡಗಿದೆವು. ಅಪ್ಪ ಎದ್ದು ಹೋಗಿ ಹೊರಗೆ ಕಟ್ಟೆಯ ಮೇಲೆ ಕೂರತೊಡಗಿದರು. ಮೂರೇ ಜನರ ಮನೆಯಲ್ಲಿ ಒಬ್ಬರು ಹೊರಗೆ ಕೂತರೆ ಒಳಗಿದ್ದವರಿಗೆ ನಗು ಬರುವುದಿಲ್ಲ. ಅವರನ್ನು ಮತ್ತೆ ಒಳಗೆ ಕರೆಯಬೇಕು, ನಮಗಿದ್ದ ಆಸೆ ಅದೊಂದೇ.

ಹೆಡ್‌ಫೋನ್ ಹಾಕಿಕೊಟ್ಟರೆ ಎಷ್ಟು ಜೋರು ಬೇಕೋ ಅಷ್ಟು ಅವರ ಕಿವಿಗೆ ಮಾತ್ರ ಕೇಳುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ನಮ್ಮ ಹಳೆಯ ಟಿವಿಯಲ್ಲಿ ಅದರ ಪಿನ್ನು ಚುಚ್ಚುವ ತೂತೇ ಇರಲಿಲ್ಲ. ಆ ಟಿವಿಯನ್ನು ತೊಂಬತ್ತರ ಆಸುಪಾಸಿನಲ್ಲಿ ಊರಿನದೇ ಒಂದು ಸಣ್ಣ ಅಂಗಡಿಯಲ್ಲಿ ತಂದದ್ದು. ಅಂಗಡಿಯವರ ಬಾಯಿಯೋ, ಆ ಶಿವನಿಗೇ ಪ್ರೀತಿ. ಬೆಲೆ ಕೇಳಿದರೆ, ತಗೊಳ್ಳೋರಾದ್ರೆ ಹೇಳ್ತೀನಿ ಎನ್ನುವವರು. ಟಿವಿ ಕೆಟ್ಟರೆ ಬೈಯುತ್ತಲೇ ಬಂದು, ಬೈಯುತ್ತಲೇ ಸರಿ ಮಾಡಿ ಹೋಗುತ್ತಿದ್ದರು. ಅಲ್ಲಿ ಬೈಸಿಕೊಂಡದ್ದು ಸಾಕು, ಈ ಸಲ ಶಿವಮೊಗ್ಗಕ್ಕೆ ಹೋಗೋಣ ಎಂದವಳು ನಾನೇ.

ಎರಡು ಸಾವಿರ ಇಸವಿ ದಾಟಿ ಸ್ವಲ್ಪ ವರ್ಷಗಳಾಗಿದ್ದವು. ಶಿವಮೊಗ್ಗದಲ್ಲಿ ಗಾಜಿನ ಗೋಡೆಯ, ಎರಡು ಮೂರು ಅಂತಸ್ತಿನ ಷೋರೂಮುಗಳು ಏಳುತ್ತಿದ್ದ ಕಾಲ. ಬೆಳಗಿನ ಪೇಪರು ಬಿಡಿಸಿದರೆ ಒಳಗಿನಿಂದ ಬಣ್ಣದ ಕರಪತ್ರ ಜಾರಿ ಬೀಳುತ್ತಿತ್ತು. ದೀಪಾವಳಿ ಹತ್ತಿರವಿತ್ತು. ಒಂದು ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಧರಿಸಿ ತಯಾರಾದರು. ಮೂವರೂ ಬಸ್ಸು ಹತ್ತಿದೆವು.

ಷೋರೂಮಿನ ಬಾಗಿಲಲ್ಲಿ ನಿಂತಿದ್ದ ಕಾವಲಿನವನು ಅಪ್ಪನಿಗೆ ಸಲ್ಯೂಟ್ ಹೊಡೆದ. ಅಪ್ಪ ಅವನಿಗೆ ವಾಪಸ್ ಹೊಡೆದರು. ಒಳಗೆ ಎ.ಸಿ.ಯ ತಂಪು, ಕೂತ ಕೂಡಲೇ ಬಾದಾಮಿ ಹಾಲು. ಆಮೇಲೆ ಒಬ್ಬ ಯುವಕ ಬಂದ. ಟೈ ಕಟ್ಟಿದ್ದ, ಲಕ್ಷಣವಾಗಿದ್ದ. ಟಿವಿ ಯಾವುದು ಬೇಕು ಅಂತ ಕೇಳಲಿಲ್ಲ, ಯಾವ ಊರು ಅಂತ ಕೇಳಿದ. ಭದ್ರಾವತಿ ಎಂದೆ. ಅಯ್ಯೋ, ನಮ್ಮಜ್ಜಿ ಊರೂ ಅದೇ ಎಂದ. ಅಪ್ಪನನ್ನು ಅಪ್ಪಾಜಿ ಎಂದು ಕರೆದ. ಅವರಿಗೆ ಕಿವಿ ಕೇಳುವುದಿಲ್ಲ, ಅದಕ್ಕೇ ಬಂದದ್ದು ಎಂದು ಅಮ್ಮ ಎಲ್ಲವನ್ನೂ ಬಿಚ್ಚಿ ಹೇಳಿದಳು. ವಠಾರದ ಗೋಡೆ, ಹೊರಗಿನ ಕಟ್ಟೆ, ಯಾವುದನ್ನೂ ಬಿಡಲಿಲ್ಲ. ಅಮ್ಮನ ಮಾತನ್ನು ನಡುವೆ ತಡೆಯದೆ ಪೂರ್ತಿ ಕೇಳಿದ ಗಂಡಸು ನಾನು ಕಂಡಂತೆ ಅವನೊಬ್ಬನೇ.

ಒಂದು ಬೂದು ಬಣ್ಣದ ಟಿವಿಯ ಮುಂದೆ ಅಪ್ಪನನ್ನು ಕೂರಿಸಿದ. ಅದರ ಮುಂಭಾಗದಲ್ಲಿದ್ದ ಪುಟ್ಟ ರಬ್ಬರ್ ಮುಚ್ಚಳ ಸರಿಸಿ ಪಿನ್ನು ಚುಚ್ಚಿದ. ಇದರಲ್ಲಿ ನಿಮಗೆ ಸ್ಪೀಕರಿನಲ್ಲೂ ಕೇಳುತ್ತೆ, ಅಪ್ಪಾಜಿಗೆ ಹೆಡ್‌ಫೋನಿನಲ್ಲೂ ಕೇಳುತ್ತೆ ಎಂದು ವಿವರಿಸಿದ. ಎರಡೂ ಕೈಯಿಂದ, ಪೇಟ ತೊಡಿಸುವ ಹಾಗೆ, ಹೆಡ್‌ಫೋನನ್ನು ಅಪ್ಪನ ತಲೆಗೆ ಇಟ್ಟ. ಟಿವಿಯಲ್ಲಿ ಯಾವುದೋ ಹಾಸ್ಯದ ದೃಶ್ಯ ಓಡುತ್ತಿತ್ತು. ಅಪ್ಪ ಹುಬ್ಬು ಗಂಟಿಕ್ಕಿ ಕೂತಿದ್ದರು. ಇದ್ದಕ್ಕಿದ್ದಂತೆ ನಕ್ಕರು. ನಮ್ಮ ಮುಖ ನೋಡಿ ನಕ್ಕದ್ದಲ್ಲ, ನಮಗಿಂತ ಮೊದಲು ನಕ್ಕರು. ನಕ್ಕು, ಅಮ್ಮನ ಕಡೆ ತಿರುಗಿ, ಇಡೀ ಅಂಗಡಿಗೆ ಕೇಳುವ ಹಾಗೆ, "ಏನ್ ಹೇಳ್ದ ಕೇಳ್ದೇನೇ?" ಅಂದರು. ಅಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆ ಯುವಕ ಅದನ್ನೆಲ್ಲ ಪಕ್ಕದಲ್ಲೇ ನಿಂತು ನೋಡಿದ. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೇ, ಅವನು ನೋಡಿಯೂ ಮಾಡಿದ.

ಇದೇ ಮಾಡೆಲ್, ಹೊಸ ಪೀಸು ಗೋಡೌನಿನಿಂದ ಬರುತ್ತೆ ಎಂದ. ನಾನು ಟಿವಿಗೂ ಹೆಡ್‌ಫೋನಿಗೂ ದುಡ್ಡು ಕಟ್ಟಿ ಬರುವಷ್ಟರಲ್ಲಿ ಟಿವಿಯ ಡಬ್ಬ ಬಂದಿತ್ತು. ಅದರ ಮೇಲಿನ ಮುಚ್ಚಳವನ್ನಷ್ಟೇ ಬಿಚ್ಚಿದ್ದರು. ಥರ್ಮಾಕೋಲಿನ ನಡುವೆ ಟಿವಿಯ ಬೂದು ನೆತ್ತಿ ಕಾಣುತ್ತಿತ್ತು. ಪಕ್ಕದಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ವಿಭೂತಿ, ಅರಿಶಿನ, ಕುಂಕುಮ, ಎರಡು ಸೇವಂತಿಗೆ, ಕರ್ಪೂರ. ನಮ್ಮಲ್ಲಿ ಎಲ್ಲ ಮಾಲೂ ಪೂಜೆ ಮಾಡಿಯೇ ಮನೆಗೆ ಕಳಿಸೋದು ಎಂದ ಅವನು, ತಟ್ಟೆಯನ್ನು ಅಮ್ಮನ ಮುಂದೆ ಹಿಡಿದ.

"ಅಮ್ಮಾ, ನಮ್ಮ ಕೈ ಯಾಕೆ? ಮನೆ ಲಕ್ಷ್ಮಿ ನೀವು. ನಿಮ್ಮ ಕೈಯಾರೆ ಹಚ್ಚಿ."

ಅಮ್ಮ ಸೆರಗು ಹೊದ್ದುಕೊಂಡು, ಕಣ್ಣು ಮುಚ್ಚಿ, ಮೂರು ಬೆರಳಿಂದ ವಿಭೂತಿ ಎಳೆದಳು. ಕುಂಕುಮ ಇಟ್ಟು ಹೂವು ಏರಿಸಿದಳು. ಅಂಗಡಿಯವರು ನಾಲ್ಕಾರು ಜನ ಕೈಮುಗಿದು ನಿಂತಿದ್ದರು. ಯುವಕ ಬಗ್ಗಿ ಅಮ್ಮನ ಕಾಲು ಮುಟ್ಟಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಅಮ್ಮ ಅದನ್ನೇ ಹೇಳಿದ್ದು. ದೊಡ್ಡ ಅಂಗಡಿಯಾದರೂ ಸಂಸ್ಕಾರ ಬಿಟ್ಟಿಲ್ಲ, ಯಾವ ತಾಯಿ ಹೆತ್ತ ಮಗನೋ ಎಂದಳು. ನಾನೂ ಹೌದೆಂದೆ. ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದಿದ್ದರು, ನಮಗೆ ಗೊತ್ತಾಗಿರಲಿಲ್ಲ.

ಮರುದಿನ ವ್ಯಾನಿನಲ್ಲಿ ಟಿವಿ ಬಂತು. ಕೇಬಲ್ಲು ಜೋಡಿಸಿ ಆಯಿತು, ಚಿತ್ರ ಚೆನ್ನಾಗಿ ಬಂತು. ಅಪ್ಪ ಆಗಲೇ ಹೆಡ್‌ಫೋನ್ ತಲೆಗೆ ಹಾಕಿಕೊಂಡು, ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದರು. ನಾನು ಮುಂಭಾಗದ ರಬ್ಬರ್ ಮುಚ್ಚಳವನ್ನು ಉಗುರಿನಿಂದ ಎತ್ತಿದೆ. ಒಳಗೆ ತೂತು ಇರಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕು. ಮುಚ್ಚಳವಿತ್ತು, ಮುಚ್ಚುವುದಕ್ಕೆ ಏನೂ ಇರಲಿಲ್ಲ. ಟಿವಿಯನ್ನು ತಿರುಗಿಸಿ ಬೆನ್ನೆಲ್ಲ ಹುಡುಕಿದೆ. "ಹಾಕಿದ್ಯಾ ಪುಟ್ಟಿ?" ಎಂದು ಅಪ್ಪ ಕೇಳುತ್ತಲೇ ಇದ್ದರು. ಅವರು ಪಿನ್ನಿನ ಕಡೆ ನೋಡುತ್ತಿರಲಿಲ್ಲ, ಪರದೆಯ ಕಡೆ ನೋಡುತ್ತಿದ್ದರು.

ಏನೋ ಅದಲು ಬದಲಾಗಿದೆ, ಆ ಹುಡುಗನಿಗೆ ಹೇಳಿದರೆ ಸರಿ ಮಾಡಿಕೊಡುತ್ತಾನೆ ಎಂದು ಅಮ್ಮ ಸಮಾಧಾನ ಹೇಳಿದಳು. ಕೂಗಿಯೇ ಹೇಳಿದಳು, ಅಪ್ಪನಿಗೂ ಸಮಾಧಾನವಾಯಿತು. ನಾನು ಫೋನ್ ಮಾಡಿದೆ. ಎತ್ತಿದವರು ಇನ್ನೊಬ್ಬರಿಗೆ ಕೊಡುತ್ತೇನೆ ಅಂದರು, ಇನ್ನೊಬ್ಬರ ಬದಲು ಸಂಗೀತ ಬಂತು. ಎಸ್‌ಟಿಡಿ ಬೂತಿನಲ್ಲಿ ನಿಂತು ಆ ಸಂಗೀತವನ್ನು ನಾನು ಎಷ್ಟು ಕೇಳಿದ್ದೇನೆಂದರೆ, ಈಗಲೂ ಎಲ್ಲಾದರೂ ಅಂಥದ್ದು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಹಬ್ಬ ಕಳೆಯಿತು. ಅಪ್ಪ ಕಟ್ಟೆಯ ಮೇಲೆ ಕೂರುವುದು ಮತ್ತೆ ಶುರುವಾಯಿತು. ಕೊನೆಗೆ ಹೆಡ್‌ಫೋನನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಮತ್ತೆ ಮೂವರೂ ಶಿವಮೊಗ್ಗದ ಬಸ್ಸು ಹತ್ತಿದೆವು.

ಆ ಯುವಕ ನಮ್ಮನ್ನು ಕಂಡ. ಗುರುತು ಹಿಡಿದ, ಅದರಲ್ಲಿ ಅನುಮಾನವಿಲ್ಲ. ಮ್ಯಾನೇಜರ್ ಮೇಲಿದ್ದಾರೆ ಎಂದು ಮೆಟ್ಟಿಲು ತೋರಿಸಿ ಬೇರೆ ಗಿರಾಕಿಯ ಕಡೆ ಹೋದ. ಮೇಲೆ ಮ್ಯಾನೇಜರು ಎದ್ದು ನಿಂತು ನಮಸ್ಕಾರ ಮಾಡಿದರು. ಅಪ್ಪನ ಕೈ ಹಿಡಿದು ಕುಲುಕಿ ಕುರ್ಚಿಯಲ್ಲಿ ಕೂರಿಸಿದರು. ಮತ್ತೆ ಬಾದಾಮಿ ಹಾಲು. ನಾನು ಹೇಳಿದ್ದನ್ನೆಲ್ಲ ನಗುನಗುತ್ತಾ ಕೇಳಿಸಿಕೊಂಡರು. ನೀವು ಕೆಳಗೆ ನೋಡಿದ್ದು ದೊಡ್ಡ ಮಾಡೆಲ್, ನಿಮಗೆ ಬಂದದ್ದು ಅದರ ಕೆಳಗಿನದು, ಹೊರಗಿನ ಬಾಡಿ ಎರಡಕ್ಕೂ ಒಂದೇ ಎಂದರು. ಇದೇ ಮಾಡೆಲ್ ಅಂತ ನಿಮ್ಮ ಹುಡುಗನೇ ಹೇಳಿದ ಎಂದೆ. ಹಾಗೆ ಹೇಳಿರಲಿಕ್ಕಿಲ್ಲ ಎಂದರು. ಅವನನ್ನು ಕರೆಸಿ ಎಂದೆ. ಅವನೀಗ ಗಿರಾಕಿ ಜೊತೆ ಇದ್ದಾನೆ ಎಂದರು. ಹೋಗಲಿ, ಬದಲಾಯಿಸಿಕೊಡಿ ಎಂದೆ.

"ಪೂಜೆ ಆದ ಪೀಸಲ್ವಾ ಮೇಡಂ? ವಿಭೂತಿ ಕುಂಕುಮ ಬಿದ್ದ ಮೇಲೆ ಅದನ್ನ ಇನ್ನೊಬ್ರಿಗೆ ಹೊಸದು ಅಂತ ಹೇಗೆ ಕೊಡೋದು? ಮೋಸ ಆಗುತ್ತೆ."

ಮೋಸ ಎಂಬ ಮಾತನ್ನು ನಮ್ಮೆಲ್ಲರ ನಡುವೆ ಮೊದಲು ಆಡಿದವರು ಅವರೇ. ಪೂಜೆ ಮಾಡಿಸಿದ್ದು ನಿಮ್ಮ ಅಂಗಡಿಯಲ್ಲೇ ಅಲ್ಲವಾ ಎಂದು ನಾನು ಕೇಳಿದೆ. ನನ್ನ ದನಿ ಏರಿತ್ತು. ಅವರು ಅಮ್ಮನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನಾವು ಹಚ್ಚಿಲ್ಲ ಮೇಡಂ. ಅಮ್ಮನವರೇ ಕೈಯಾರೆ ಹಚ್ಚಿದಾರೆ" ಅಂದರು.

ಅಮ್ಮ ಬಲಗೈ ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ. ದಿನಾ ಬೆಳಗ್ಗೆ ಲಿಂಗಪೂಜೆ ಮಾಡುವ ಕೈ ಅದು. ಆ ಕೈಯಿಂದಲೇ ನಮ್ಮ ಬಾಯಿ ಮುಚ್ಚಿಸಿಬಿಟ್ಟಿದ್ದರು. ನಾನು ಜಗಳಕ್ಕೆ ನಿಂತೆ, ಕಂಪ್ಲೇಂಟ್ ಕೊಡುತ್ತೇನೆ ಎಂದೆ. ಅವರು ನಗುತ್ತಲೇ ಕೊಡಿ ಎಂದರು. ಇಷ್ಟೂ ಹೊತ್ತು ಅಪ್ಪ ಹಾಲು ಕುಡಿಯುತ್ತಾ, ಮ್ಯಾನೇಜರ ಮುಖವನ್ನೇ ನೋಡುತ್ತಾ, ಅವರು ನಕ್ಕಾಗಲೆಲ್ಲ ತಲೆಯಾಡಿಸುತ್ತಿದ್ದರು. ಹೊರಡುವಾಗ ಕೈಮುಗಿದರು.

ಕೆಳಗೆ ಇಳಿದರೆ ಅದೇ ಯುವಕ, ಅದೇ ಸ್ಟೀಲಿನ ತಟ್ಟೆ. ಈ ಸಲ ಫ್ರಿಜ್ಜಿನ ಡಬ್ಬ. ಎದುರಿಗೆ ಅಮ್ಮನ ವಯಸ್ಸಿನ ಹೆಂಗಸು, ಜೊತೆಗೆ ಸೊಸೆ ಇರಬೇಕು. ನಮ್ಮಜ್ಜಿ ಊರೂ ಸಾಗರಾನೇ ಅಮ್ಮಾ ಎನ್ನುತ್ತಿದ್ದ. ಎಷ್ಟು ಊರುಗಳಲ್ಲಿ ಎಷ್ಟು ಅಜ್ಜಿಯರನ್ನು ಇಟ್ಟಿದ್ದನೋ ಪುಣ್ಯಾತ್ಮ. ಆ ಹೆಂಗಸು ಕುಂಕುಮಕ್ಕೆ ಬೆರಳು ಅದ್ದಿದ್ದರು. ನಾನು ಏನಾದರೂ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅಮ್ಮ ಮುಂದೆ ಹೋಗಿಬಿಟ್ಟಿದ್ದಳು.

"ಹಚ್ಚಬೇಡಿ ತಾಯಿ. ಮೊದ್ಲು ಪೂರ್ತಿ ಬಿಚ್ಚಿ ನೋಡ್ಕೊಳ್ಳಿ."

ಜನ್ಮದಲ್ಲಿ ಯಾರ ಪೂಜೆಗೂ ಬೇಡ ಅಂದವಳಲ್ಲ ಅಮ್ಮ. ಆ ಹೆಂಗಸು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಳ್ಳೇ ಕೆಲಸದ ಹೊತ್ತಲ್ಲಿ ಅಪಶಕುನ ನುಡಿಯುತ್ತೀರಲ್ಲ, ಯಾರು ನೀವು ಎಂದರು. ಸೊಸೆ ಮುಖ ತಿರುಗಿಸಿದಳು. ಯುವಕ ತಟ್ಟೆಯನ್ನು ಇನ್ನೊಂದಿಷ್ಟು ಮುಂದೆ ಹಿಡಿದ. ಹೆಂಗಸು ಕಣ್ಣು ಮುಚ್ಚಿ ಕುಂಕುಮ ಇಟ್ಟರು, ಸುತ್ತಲಿದ್ದವರು ಕೈಮುಗಿದರು. ಅಮ್ಮನಿಗೂ ಅಭ್ಯಾಸಬಲ, ಅವಳ ಕೈಗಳೂ ತಾವಾಗಿಯೇ ಕೂಡಿಕೊಂಡವು. ನಾನು ಅವಳ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಬಸ್ಸಿನಲ್ಲಿ ಮೂರು ಜನರ ಸೀಟು ಸಿಕ್ಕಿತು. ಅಮ್ಮ ಕಿಟಕಿಯ ಪಕ್ಕ, ನಡುವೆ ನಾನು, ಈಚೆಗೆ ಅಪ್ಪ. ಚೀಲ ಅವರ ತೊಡೆಯ ಮೇಲಿತ್ತು. ಬಸ್ಸು ಮಲವಗೊಪ್ಪ ದಾಟಿತು. ಅಪ್ಪ ಮಾತ್ರ ಹಗುರಾಗಿದ್ದರು. ಚೀಲದೊಳಗೆ ಕೈ ಹಾಕಿ ಹೆಡ್‌ಫೋನಿನ ವೈರನ್ನು ಗಂಟು ಬೀಳದಂತೆ ಬಿಡಿಸಿ ಸುತ್ತಿಡುತ್ತಿದ್ದರು. ಅದು ಮುಗಿದ ಮೇಲೆ ನನ್ನ ಕಡೆ ಬಾಗಿ, "ಯಾವತ್ತು ಕಳಿಸ್ತಾರಂತೆ?" ಎಂದು ಕೇಳಿದರು.

ನಾನು ಅಮ್ಮನ ಕಡೆ ನೋಡಿದೆ. ನೀನೇ ಹೇಳು ಎಂದು ಅವಳು ಕಿಟಕಿಯಾಚೆ ಮುಖ ಮಾಡಿದಳು. ಅಪ್ಪನ ಕಿವಿಗೆ ಬಾಯಿಟ್ಟು ಹೇಳಿದೆ. ಇಂಜಿನ್ನಿನ ಸದ್ದಿಗೆ ಅವರಿಗೆ ಕೇಳಲಿಲ್ಲ, ಹಾಂ ಎಂದರು. ಇನ್ನೊಮ್ಮೆ ಹೇಳಿದೆ, ಆಗಲೂ ಕೇಳಲಿಲ್ಲ. ಬೇರೆ ದಾರಿಯಿರಲಿಲ್ಲ, ಕೂಗಿದೆ. "ಬದಲಾಯಿಸಲ್ವಂತೆ ಅಪ್ಪಾ. ಮೋಸ ಮಾಡಿದ್ರು ನಮಗೆ." ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

ಅಪ್ಪ ನನ್ನ ಮುಖವನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲವೆಂದು ಅಲ್ಲಿಂದಲೇ ತಿಳಿದುಕೊಂಡಿರಬೇಕು. ಆದರೂ ನಂಬಿಕೆ ಬರಲಿಲ್ಲ.

"ಅಲ್ಲ ಪುಟ್ಟಿ, ಆತ ನಗ್ತಾ ಇದ್ನಲ್ಲ?" ಎಂದರು.