ಏನೂ ಹಾಕದ ನಾಲ್ಕನೆಯ ತಟ್ಟೆ

ತಂತ್ರಜ್ಞೆ ಸಿಗ್ರುನ್ ಅವರನ್ನು ನಾನು ಮೊದಲು ಕಂಡದ್ದು ಕೆನಡಾದ ವಿನ್ನಿಪೆಗ್‌ನ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ. ಮನುಷ್ಯರ ಜೀವಕೋಶಗಳಿದ್ದ ನಾಲ್ಕು ತಟ್ಟೆಗಳನ್ನು ತುಂಬಿದ ಸಾರಿನ ಬಟ್ಟಲಿನಂತೆ ಹಿಡಿದಿದ್ದ ಅವರು, ಬೂಟಿಗೆ ಹಿಮ ಮೆತ್ತಿಕೊಂಡು ನಿಂತಿದ್ದ ನನಗೆ, “ಬೇಗ ಬಾಗಿಲು ಹಾಕು ಮಗಾ, ಇವಕ್ಕೆ ಚಳಿಯಾಗುತ್ತೆ” ಎಂದರು. ವೈರಸ್ ಬಂತೆಂದು ಇಂಟರ್‌ಫೆರಾನ್ ಎಂಬ ಪ್ರೋಟೀನ್ ಕೋಶದೊಳಗೆ ಎಬ್ಬಿಸುವ ಕೂಗನ್ನು ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಸಂಕೇತ ತಗ್ಗಿಸುತ್ತದೆಯೇ ಎಂದು ನೋಡುವುದು ನಮ್ಮ ಕೆಲಸವಾಗಿತ್ತು. ಒಂದು ತಟ್ಟೆಗೆ ಇಂಟರ್‌ಫೆರಾನ್, ಇನ್ನೊಂದಕ್ಕೆ ಸೈಕ್ಲಿಕ್ ಎಎಂಪಿ ಹೆಚ್ಚಿಸುವ ಔಷಧ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಔಷಧವಿಲ್ಲದ ಬರೀ ದ್ರಾವಣ. ಸಿಗ್ರುನ್ ಅವರ ಅಕ್ಕರೆಯೆಲ್ಲ ಆ ನಾಲ್ಕನೆಯದರ ಮೇಲೆ. ಅದಕ್ಕೂ ಉಳಿದವುಗಳಷ್ಟೇ ಬಿಸುಪು ಬೇಕು, ಅಷ್ಟೇ ಮೆದುವಾದ ಕೈ ಬೇಕು. ಅದನ್ನು ಒರಟಾಗಿ ಇಟ್ಟವರಿಗೆ ಊಟದ ಹೊತ್ತಿನವರೆಗೂ ಬೈಗುಳ. ಹುಟ್ಟುಹಬ್ಬದ ಕೇಕನ್ನು ಕೂಡ ಅವರು ಹುಟ್ಟುಹಬ್ಬವಿಲ್ಲದವರಿಗೇ ಮೊದಲು ಕೊಡುತ್ತಿದ್ದರು. “ಅದರಲ್ಲಿ ಏನೂ ಇಲ್ಲ ಕಣಮ್ಮಾ, ಅದಕ್ಯಾಕೆ ಇಷ್ಟು ಉಪಚಾರ?” ಎಂದು ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಒರೆಸ್ಟ್ ಛೇಡಿಸಿದರೆ, “ಹೋಲಿಸಿ ನೋಡೋಕೆ ಇರೋದೇ ಅದು. ಅದು ಕೆಟ್ರೆ ನಿಮ್ಮ ಮಿಕ್ಕ ಮೂರನ್ನೂ ಯಾರೂ ನಂಬಲ್ಲ, ಸ್ವಾಮಿ” ಎನ್ನುತ್ತಿದ್ದರು. ಅವರ ತಮ್ಮ ಐನಾರ್‌ಗೆ ನರಗಳ ಕಾಯಿಲೆ. ಕಾಲಿನ ಬಲ ಕುಂದುತ್ತಿದ್ದಾಗ, ಆ ಕಾಯಿಲೆಗೂ ಇಂಟರ್‌ಫೆರಾನ್ ಔಷಧವಾದೀತೇ ಎಂದು ರೋಗಿಗಳ ಮೇಲೆ ನಡೆಸಿದ ಪರೀಕ್ಷೆಗೆ ಸೇರಿದ್ದ. ಅದರಲ್ಲಿ ಕೆಲವರಿಗೆ ಔಷಧ, ಹೋಲಿಕೆಗೆಂದು ಕೆಲವರಿಗೆ ಬರೀ ನೀರು; ಯಾರಿಗೆ ಯಾವುದೆಂದು ಮೊದಲೇ ಹೇಳುವುದಿಲ್ಲ. ಅಷ್ಟು ದಿನ ತಾನು ಚುಚ್ಚಿಸಿಕೊಂಡದ್ದು ಔಷಧವಿಲ್ಲದ ನೀರು ಎಂದು ಅವನಿಗೆ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ. “ನಾನೇ ನಿನ್ನ ನಾಲ್ಕನೇ ತಟ್ಟೆ ಕಣೇ ಅಕ್ಕಾ” ಎಂದು ನಕ್ಕನಂತೆ. ಈಗ ನಿವೃತ್ತರಾಗಿರುವ ಸಿಗ್ರುನ್ ಪ್ರತಿ ವಾರ ಅವನಿರುವ ಗಿಮ್ಲಿ ಊರಿಗೆ ಹೋಗಿ, ನಿಜವಾದ ಇಂಟರ್‌ಫೆರಾನ್ ಸೂಜಿಮದ್ದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ತಮ್ಮನಿಗೆ ಚುಚ್ಚುತ್ತಾರೆ.