ಸೀರೆಯ ಅಂಚಿಗೆ ಹಾಕಿದ ಜೂಮ್

ನನ್ನ ಜೂಮ್ ಕ್ಯಾಮೆರಾ ಅಂಗೈಯಷ್ಟೇ ಇದ್ದರೂ ಅದರದು ಹದ್ದಿನ ಕಣ್ಣು, ಆರಿಸಿದವನು ನಾನಲ್ಲವೇ! ಬನಹಟ್ಟಿಯಲ್ಲಿ ರಸ್ತೆಯ ಈಚೆ ನಿಂತೇ ಎದುರಿನ ಕಿಟಕಿಯೊಳಗಿನ ಮಗ್ಗದ ಎರಡು ಫೋಟೋ ಹೊಡೆದೆ. ಮಗ್ಗದ ಮಾಲೀಕ ಓಡಿಬಂದು ರಟ್ಟೆ ಹಿಡಿದ.

“ಯಾರು ಕಳಿಸ್ಯಾರಲೇ ನಿನ್ನ? ಇನ್ನೂ ಪ್ಯಾಟಿಗೆ ಬರದ ಸೀರಿ ಡಿಸೈನ್ ಕದೀತಿ?”

“ಇಲ್ರೀ ಸಾವಕಾರ್ರ, ಜೂಮ್ ನೋಡಾಕತ್ತಿದ್ದೆ.”

“ತೋರಸು. ಸೀರಿ ಅಂಚು ಕಂಡ್ರ ಕ್ಯಾಮೆರಾ ಕಲ್ಲಿಗೆ ಬಡೀತೇನಿ.”

ನೇಕಾರರೆಲ್ಲ ಸುತ್ತ ನೆರೆದರು. ಕೊನೆಯ ಫೋಟೋ ತೆರೆದೆ. ಪೂರ್ತಿ ಜೂಮ್ ಮಾಡುವಾಗ ಕೈ ಅಲುಗಿ ಎಲ್ಲ ಮಸುಕಾಗಿತ್ತು.

ಮಾಲೀಕ ನಕ್ಕುಬಿಟ್ಟ. “ಬಿಡ್ರೋ, ಇವಂಗ ಫೋಟೋ ಹೊಡಿಯಾಕ ಬರೂದಿಲ್ಲ.”

ಹಿಂದಿನ ಫೋಟೋದಲ್ಲಿ ಅಂಚಿನ ಎಳೆ ಎಳೆಯೂ ಕಾಣುತ್ತಿತ್ತು. ಅದನ್ನು ಯಾರಿಗೂ ತೋರಿಸದೆ ಅಳಿಸಿಹಾಕಿದೆನಲ್ಲ, ಅಷ್ಟು ಕಷ್ಟದ ಕೆಲಸ ನಾನು ಇದುವರೆಗೂ ಮಾಡಿಲ್ಲ.